ಮೊದಲ ಕರಡು ಬರೆಯೋರು ಯಾರು?

ಪ್ರಶ್ನೆ: ನೀತಿ ನಿಯಮಗಳನ್ನು ಚುನಾಯಿತ ಸರ್ಕಾರ ಮಾಡುತ್ತದೆ ಅಂತ ಓದಿದ್ದೇವೆ. ಆದರೆ ಯಾವ ಅಧಿಕಾರವೂ ಇಲ್ಲದ ಗುಂಪುಗಳು ಒಳಗೊಳಗೇ ಸೇರಿಕೊಂಡು ಅದನ್ನು ತಿರುಗಿಸುತ್ತವಂತೆ. ನಿಜವಾ, ಸುಮ್ನೆ ಕಟ್ಟುಕಥೆಯಾ? ಇದೂ ಲಾಬಿಯೇ ಅಲ್ವಾ?

ಉತ್ತರ: ನಿಜ. ಆದರೆ ಹೆಚ್ಚಿನ ಸಲ ಪಿತೂರಿಯೇನೂ ಇರುವುದಿಲ್ಲ, ನೋಡೋಕೆ ತೀರಾ ಸಪ್ಪೆ ಕೆಲಸ. ಒಬ್ಬ ಅಧಿಕಾರಿ ಎರಡು ವಾರದಲ್ಲಿ ಒಂದು ಕರಡು ನಿಯಮ ತಯಾರಿಸಬೇಕು, ವಿಷಯ ಪೂರ್ತಿ ಗೊತ್ತಿಲ್ಲ. ಆಗ ಫೋನ್ ಹೋಗುವುದು ಪರಿಚಯದ ಪ್ರೊಫೆಸರಿಗೆ, ಇಲ್ಲಾ ಮೊದಲು ಇದೇ ಇಲಾಖೆಯಲ್ಲಿದ್ದು ಈಗ ಉದ್ಯಮ ಸಂಘ ಸೇರಿರುವ ಹಳೇ ಸಹೋದ್ಯೋಗಿಗೆ. ಅವರು ಕಳಿಸಿದ ಎರಡು ಪ್ಯಾರಾ ಕರಡಿನೊಳಗೆ ಕೂರುತ್ತದೆ. ಆಮೇಲೆ ಸದನದಲ್ಲಿ ಜಗಳ ನಡೆದರೂ ಅದು ಆ ಪ್ಯಾರಾದ ಪದಗಳ ಬಗ್ಗೆ ಮಾತ್ರ.

ಲಾಬಿಯಲ್ಲಿ ಕೇಳುವವರು ಹೊರಗೆ, ಕೊಡುವವರು ಒಳಗೆ. ಇಲ್ಲಿ ಆ ಗೋಡೆಯೇ ಮಸುಕು. ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಹ್ಯೂ ಹೆಕ್ಲೊ 1978ರಲ್ಲೇ ಇದನ್ನು ಬರೆದಿದ್ದರು: ಒಂದು ವಿಷಯ ಬಲ್ಲವರ ಸಡಿಲ ಜಾಲ, ಜನ ಬರುತ್ತಾ ಹೋಗುತ್ತಾ ಇರುತ್ತಾರೆ, ಹಿಡಿತ ಯಾರ ಕೈಲಿದೆ ಅಂತ ಹೇಳುವುದೇ ಕಷ್ಟ.

ನನಗೆ ಜಾಸ್ತಿ ಇಷ್ಟವಾದ ಉದಾಹರಣೆ ಬಾಸೆಲ್ ಸಮಿತಿ, ಅಂದರೆ ಬ್ಯಾಂಕುಗಳು ಹೇಗೆ ನಡೆಯಬೇಕು ಅಂತ ಮಾನದಂಡ ಹೇಳುವ ಅಂತರರಾಷ್ಟ್ರೀಯ ಗುಂಪು. 1974ರಲ್ಲಿ ಪಶ್ಚಿಮ ಜರ್ಮನಿಯ ಹೆರ್‌ಶ್ಟಾಟ್ ಬ್ಯಾಂಕ್ ಮುಳುಗಿತು, ಬೇರೆ ದೇಶದ ಬ್ಯಾಂಕುಗಳಿಗೂ ಬಿಸಿ ತಟ್ಟಿತು. ಆ ವರ್ಷದ ಕೊನೆಗೆ ಹತ್ತು ಹನ್ನೊಂದು ಶ್ರೀಮಂತ ದೇಶಗಳ ಕೇಂದ್ರ ಬ್ಯಾಂಕ್ ಗವರ್ನರ್‌ಗಳು ಈ ಸಮಿತಿ ಮಾಡಿಕೊಂಡರು. ಅದರ ಮಾತಿಗೆ ಕಾನೂನಿನ ಬಲ ಇಲ್ಲ. 1988ರಲ್ಲಿ ಅದೇ ಸಮಿತಿ, ಬ್ಯಾಂಕ್ ಕೊಟ್ಟ ಸಾಲ ಮುಂತಾದವುಗಳ ಅಪಾಯದ ಲೆಕ್ಕ ಹಾಕಿದ ಮೇಲೆ ಬರುವ ಮೊತ್ತದಲ್ಲಿ ಪ್ರತಿ ನೂರು ರೂಪಾಯಿಗೆ ಬ್ಯಾಂಕಿನ ಸ್ವಂತ ಬಂಡವಾಳ 8 ರೂಪಾಯಿಯಾದರೂ ಇರಲೇಬೇಕು ಅಂದಿತು. ಸಮಿತಿಯಲ್ಲಿ ಕುರ್ಚಿಯೇ ಇಲ್ಲದ ದೇಶಗಳೂ ಸೇರಿ ನೂರಕ್ಕೂ ಹೆಚ್ಚು ದೇಶಗಳು ಒಪ್ಪಿಕೊಂಡವು. ಯಾಕೆ? ಒಪ್ಪದಿದ್ದರೆ ಹೊರಗಿನವರು ನಿಮ್ಮ ಬ್ಯಾಂಕನ್ನು ನಂಬುವುದು ಕಷ್ಟ, ಅಷ್ಟೇ. ಮತ ಹಾಕಿದ ಜನರಿಗೆ ಇದರ ಸುಳಿವೂ ಸಿಕ್ಕಿರಲಿಕ್ಕಿಲ್ಲ.

ಹಾಗಂತ ಜಾಲ ಅಂದರೆ ಕೆಟ್ಟದ್ದೇ ಅಂತಲ್ಲ. ನೆಲಬಾಂಬ್ ನಿಷೇಧದ ಅಭಿಯಾನವನ್ನು 1992ರಲ್ಲಿ ಶುರು ಮಾಡಿದ್ದು ಬರೀ ಆರು ಸಂಸ್ಥೆಗಳು. ಫ್ಯಾಕ್ಸ್, ಫೋನ್, ಇಮೇಲ್‌ನಲ್ಲೇ ಜಾಲ ಬೆಳೆಯಿತು. 1997ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ 122 ದೇಶಗಳು ನಿಷೇಧದ ಒಪ್ಪಂದಕ್ಕೆ ಸಹಿ ಹಾಕಿದವು, ಅದೇ ವರ್ಷ ಅಭಿಯಾನಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಆದರೆ ಅಮೆರಿಕ, ರಷ್ಯಾ, ಚೀನಾದಂಥ ದೊಡ್ಡ ದೇಶಗಳು ಸಹಿ ಹಾಕಲಿಲ್ಲ. ಜಾಲದ ಮಿತಿಯೂ ಅಲ್ಲೇ ಕಾಣುತ್ತದೆ. ಆದರೂ ಅಭಿಯಾನದವರ ಬೇಡಿಕೆ ಎಲ್ಲರಿಗೂ ಗೊತ್ತಿತ್ತು, ಬೈಯುವವರು ಬೈಯಬಹುದಿತ್ತು. ಬಾಸೆಲ್‌ಗೂ ಇದಕ್ಕೂ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದೇ.

ನೀವೇ ಹುಡುಕಬೇಕಾ? ಯಾವುದಾದರೂ ನಿಯಮದ ಮೊದಲ ಕರಡು ಮತ್ತು ಕೊನೆಯ ಪ್ರತಿ ಅಕ್ಕಪಕ್ಕ ಇಟ್ಟುಕೊಳ್ಳಿ. ಹೊಸದಾಗಿ ಸೇರಿದ ಸಾಲು ಯಾವ ಸಂಘದ ಮನವಿಯಲ್ಲಿ ಹಾಗೇ ಇದೆ ನೋಡಿ. ಆಮೇಲೆ ತಜ್ಞರ ಸಮಿತಿಯ ಪಟ್ಟಿ ತೆಗೆಯಿರಿ. ಒಂದೇ ಹೆಸರು ಎರಡು ಮೂರು ಕಡೆ ಸಿಕ್ಕರೆ ಅಲ್ಲಿಂದ ಹಿಂದಕ್ಕೆ ಎಳೆಯುತ್ತಾ ಹೋಗಿ.