ಕೊಂದವರು ಯಾರು ಅಂತ ಹುಡುಕಬೇಡಿ ಸರ್, ಜಾಗ ಯಾರಿಗೆ ಅಂತ ನೋಡಿ

ನಮಸ್ಕಾರ ಸರ್. ನಿಮ್ಮ ಪೋಸ್ಟ್ ನಿನ್ನೆ ರಾತ್ರಿಯೇ ನೋಡಿದೆ. ಮೊಬೈಲಿನಲ್ಲಿ ಇಷ್ಟುದ್ದ ಬರೆಯೋಕೆ ಬೆರಳು ಒಪ್ಪಲಿಲ್ಲ, ಈಗ ಕಂಪ್ಯೂಟರ್ ಮುಂದೆ ಕೂತಿದ್ದೇನೆ.

ನೀವು ಕೇಳಿದ್ದು ಇಷ್ಟು: ಇಟಲಿಯ ಮಾರಿಯೋ ಬಾವ ನಿರ್ದೇಶಿಸಿದ 1971ರ ‘ಎ ಬೇ ಆಫ್ ಬ್ಲಡ್’ ನೋಡಿದೆ, ಒಬ್ಬೊಬ್ಬರನ್ನಾಗಿ ಕೊಚ್ಚುತ್ತಾ ಹೋಗುವ ಸ್ಲ್ಯಾಷರ್ ಸಿನಿಮಾಗಳಿಗೆಲ್ಲ ಇದೇ ತಾತ ಅಂತಾರೆ, ಆದರೆ ಯಾರು ಯಾರನ್ನು ಯಾಕೆ ಕೊಂದರು ಅಂತಲೇ ತಲೆಗೆ ಹೋಗಲಿಲ್ಲ, ಇನ್ನೊಂದು ಸಲ ನೋಡಬೇಕಾ, ಬಿಟ್ಟುಬಿಡಲಾ? ಕೆಳಗೆ ಬಂದಿರುವ ಉತ್ತರಗಳಲ್ಲಿ ಕೆಲವರು ‘ಮಾಸ್ಟರ್‌ಪೀಸ್’ ಅಂದಿದ್ದಾರೆ, ಕೆಲವರು ‘ನಿದ್ದೆ ಬಂತು’ ಅಂದಿದ್ದಾರೆ. ನನಗೆ ಎರಡೂ ಆಗಿದೆ. ಮೊದಲ ಸಲ ನಿದ್ದೆ, ಎರಡನೇ ಸಲ ಖುಷಿ. ಹಾಗಾಗಿ ಇನ್ನೊಂದು ಸಲ ನೋಡಿ ಅಂತಲೇ ಹೇಳುತ್ತೇನೆ. ಆದರೆ ನೋಡುವ ರೀತಿ ಬದಲಾಗಬೇಕು.

ಮೊದಲ ಸಲ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರಿ. ಪತ್ತೇದಾರಿ ಸಿನಿಮಾ ಅಂದುಕೊಂಡು ಕೂತಿದ್ದೀರಿ. ಕೊಲೆಗಾರ ಯಾರು, ಕೊನೆಗೆ ಮುಖವಾಡ ಯಾವಾಗ ಕಳಚುತ್ತದೆ ಅಂತ ಕಾಯುತ್ತಾ ಕೂತರೆ ಈ ಸಿನಿಮಾ ಕೈಗೆ ಸಿಗುವುದಿಲ್ಲ. ಇದು ಆಸ್ತಿ ಜಗಳದ ಸಿನಿಮಾ ಸರ್. ಸಮುದ್ರದ ದಡದಲ್ಲಿ ಒಂದು ಕೊಲ್ಲಿ, ಅದರ ಸುತ್ತ ಬೆಲೆಬಾಳುವ ಜಾಗ. ಆ ಜಾಗ ಕಟ್ಟಡದವರ ಕೈಗೆ ಹೋಗುತ್ತದಾ, ವಾರಸುದಾರರಿಗೆ ಹೋಗುತ್ತದಾ, ಇಷ್ಟೇ ಕಥೆ. ಹೆಣ್ಣು, ಹೊನ್ನು, ಮಣ್ಣು ಅಂತ ನಮ್ಮವರು ಸುಮ್ನೆ ಹೇಳಿದ್ದಲ್ಲ. ಇಲ್ಲಿ ಮೂರೂ ಇದೆ, ಮಣ್ಣು ಸ್ವಲ್ಪ ಜಾಸ್ತಿ ಇದೆ. ಇದರ ಇಟಾಲಿಯನ್ ಹೆಸರುಗಳಲ್ಲಿ ಒಂದು ‘ರೆಯಾಟ್ಸಿಯೋನೆ ಅ ಕತೇನ’, ಅಂದರೆ ಸರಪಳಿ ಕ್ರಿಯೆ. ಒಬ್ಬ ಇನ್ನೊಬ್ಬನನ್ನು ಕೊಲ್ಲುತ್ತಾನೆ, ಅವನನ್ನು ಮತ್ತೊಬ್ಬ. ಹೆಸರಲ್ಲೇ ಉತ್ತರ ಇತ್ತು, ಇಂಗ್ಲಿಷ್ ಹೆಸರಿನಲ್ಲಿ ಅದು ಕಳೆದುಹೋಯಿತು. ನಮ್ಮ ಭಾಷೆಯಲ್ಲಿ ಮಾತ್ರ ‘ಕೊಲ್ಲಿ’ ಅಂದರೆ ಸಾಕು, ಜಾಗವೂ ಅದೇ, ಆಜ್ಞೆಯೂ ಅದೇ. ಬಾವನಿಗೆ ಕನ್ನಡ ಬಂದಿದ್ದರೆ ಅದನ್ನೇ ಇಡುತ್ತಿದ್ದನೇನೋ.

ಇನ್ನೂ ನೋಡದವರು ಮುಂದಿನ ಎರಡು ಪ್ಯಾರಾ ಹಾರಿಸಿಬಿಡಿ. ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ.

ಜಾಗ ವೀಲ್‌ಚೇರಿನಲ್ಲಿ ಓಡಾಡುವ ಕೌಂಟೆಸ್ ಫೆಡರಿಕಾಳದ್ದು. ಅವಳು ಮಾರುವುದಿಲ್ಲ. ಜಾಗದ ಮೇಲೆ ಕಣ್ಣಿಟ್ಟ ರಿಯಲ್ ಎಸ್ಟೇಟಿನ ವೆಂಚುರಾ ಮತ್ತು ಅವನ ಪ್ರೇಯಸಿ ಲಾರಾ ಸೇರಿ ಕೌಂಟೆಸ್‌ಳ ಗಂಡ ಫಿಲಿಪ್ಪೋನನ್ನು ಒಳಗೆ ಹಾಕಿಕೊಳ್ಳುತ್ತಾರೆ. ಗಂಡ ಹೆಂಡತಿಯನ್ನು ನೇಣಿಗೆ ಹಾಕಿ ಆತ್ಮಹತ್ಯೆ ಅನ್ನುವ ಹಾಗೆ ಮಾಡುತ್ತಾನೆ. ಮರುಕ್ಷಣವೇ ಅವನಿಗೂ ಚೂರಿ ಬೀಳುತ್ತದೆ. ಹಾಕಿದವನು ಸೈಮನ್, ದಡದಲ್ಲಿ ಮೀನು ಹಿಡಿಯುವವನು, ಕೌಂಟೆಸ್‌ಗೆ ಮದುವೆಯ ಹೊರಗೆ ಹುಟ್ಟಿದ ಮಗ. ಆಮೇಲೆ ಬರುವ ನಾಲ್ಕು ಜನ ಹುಡುಗ ಹುಡುಗಿಯರಿಗೂ ಆಸ್ತಿಗೂ ಸಂಬಂಧವೇ ಇಲ್ಲ. ಒಬ್ಬಳು ಈಜುವಾಗ ಫಿಲಿಪ್ಪೋನ ಹೆಣ ಕಾಲಿಗೆ ತಗಲುತ್ತದೆ, ಅಲ್ಲಿಗೆ ನಾಲ್ವರೂ ಮುಗಿದರು. ಅದೂ ಸೈಮನ್ ಕೆಲಸವೇ.

ಅಷ್ಟರಲ್ಲಿ ಫಿಲಿಪ್ಪೋನ ಮಗಳು ರೆನಾಟಾ, ಅವಳ ಗಂಡ ಆಲ್ಬರ್ಟ್, ಇಬ್ಬರು ಚಿಕ್ಕ ಮಕ್ಕಳು ಬಂದು ಇಳಿಯುತ್ತಾರೆ. ಇವರಿಗೂ ಜಾಗ ಬೇಕು. ವೆಂಚುರಾ ಕೊಡಲಿ ಹಿಡಿದು ರೆನಾಟಾಳ ಮೇಲೆ ಬೀಳುತ್ತಾನೆ, ಅವಳು ಕತ್ತರಿಯಲ್ಲಿ ತಿವಿಯುತ್ತಾಳೆ. ಅದನ್ನು ನೋಡಿದ ಹುಳುಹುಪ್ಪಟೆ ಸಂಗ್ರಹಿಸುವ ಪಾವ್ಲೋನ ಕತ್ತನ್ನು ಆಲ್ಬರ್ಟ್ ಹಿಸುಕುತ್ತಾನೆ. ಪಾವ್ಲೋನ ಹೆಂಡತಿ, ಟ್ಯಾರೋ ಕಾರ್ಡು ಹಾಕಿ ಭವಿಷ್ಯ ಹೇಳುವ ಆನಾ, ರೆನಾಟಾಳ ಕೊಡಲಿಗೆ. ತನ್ನ ತಾಯಿಯ ಕೊಲೆಗೆ ಸಂಚು ಮಾಡಿದ್ದು ಲಾರಾ ಅಂತ ಗೊತ್ತಾದಾಗ ಸೈಮನ್ ಅವಳನ್ನು ಮುಗಿಸುತ್ತಾನೆ. ಸೈಮನ್‌ಗೆ ಆಲ್ಬರ್ಟ್‌ನಿಂದ ಈಟಿ. ಗಾಯಗೊಂಡು ಉಳಿದಿದ್ದ ವೆಂಚುರಾ ಸಾಯುವುದೂ ಆಲ್ಬರ್ಟ್ ಕೈಯಲ್ಲೇ. ಹನ್ನೊಂದು ಹೆಣ ಬಿದ್ದ ಮೇಲೆ ಗಂಡ ಹೆಂಡತಿ ಜಾಗ ನಮ್ಮದೇ ಅಂತ ನಿಟ್ಟುಸಿರು ಬಿಡುವ ಹೊತ್ತಿಗೆ ಅವರ ಮಕ್ಕಳೇ ಬಂದೂಕಿನಿಂದ ಇಬ್ಬರನ್ನೂ ಹೊಡೆದುಬಿಡುತ್ತಾರೆ. ಆಟ ಅಂದುಕೊಂಡು. ಅಪ್ಪ ಅಮ್ಮ ಸತ್ತ ಹಾಗೆ ಚೆನ್ನಾಗಿ ನಟಿಸುತ್ತಾರೆ ಅಂದುಕೊಂಡು. ಒಟ್ಟು 13.

ಈಗ ಜನ ಹೇಳುವ ದೂರುಗಳಿಗೆ ಬರೋಣ. ಅತಿ ಹೆಚ್ಚು ಬರುವ ದೂರು ಇದೇ ಕೊನೆಯ ದೃಶ್ಯದ ಮೇಲೆ. ‘ಇದೇನು ತಮಾಷೆನಾ, ಇಷ್ಟೊತ್ತು ಕೂರಿಸಿ ಹೀಗೆ ಮುಗಿಸೋದಾ’ ಅಂತ ನಮ್ಮ ಗುಂಪಿನಲ್ಲೇ ಇಬ್ಬರು ಸಿಟ್ಟಾಗಿದ್ದಾರೆ. ಹೌದು, ತಮಾಷೆಯೇ. ಮಕ್ಕಳು ಓಡುವಾಗ ಬರುವ ಸಂಗೀತ ಕೇಳಿ, ಪಿಕ್ನಿಕ್‌ಗೆ ಹಾಕುವ ಹಾಗಿದೆ. ಸ್ಟೆಲ್ವಿಯೋ ಚಿಪ್ರಿಯಾನಿಯ ಸಂಗೀತ ಅದು. ದುರಂತಕ್ಕೆ ಅಂಥ ರಾಗ ಯಾರೂ ಹಾಕುವುದಿಲ್ಲ, ಬಾವ ಬೇಕಂತಲೇ ಹಾಕಿಸಿದ್ದಾನೆ. ಹಿರಿಯರು ಆಸ್ತಿಗಾಗಿ ಸಂಚು, ಸುಳ್ಳು ಪತ್ರ, ಕೊಡಲಿ, ಕತ್ತರಿ ಅಂತ ಅಷ್ಟೆಲ್ಲ ಒದ್ದಾಡುತ್ತಾರೆ. ಚಿಕ್ಕವರು ಯಾವ ಲಾಭವೂ ಇಲ್ಲದೆ ಎರಡು ಸೆಕೆಂಡಿನಲ್ಲಿ ಎಲ್ಲವನ್ನೂ ಮುಗಿಸುತ್ತಾರೆ. ನನಗೆ ಇದು ಇಡೀ ಸಿನಿಮಾದ ಅತ್ಯುತ್ತಮ ಘಳಿಗೆ. ಒಪ್ಪದವರ ಜೊತೆ ಜಗಳಕ್ಕೂ ಸಿದ್ಧ.

‘ಒಂದೂ ಒಳ್ಳೆಯ ಪಾತ್ರ ಇಲ್ಲ, ಯಾರ ಪರ ನಿಲ್ಲೋದು’ ಅನ್ನುವುದು ಎರಡನೇ ದೂರು. ಇದು ನಿಜ. ಆದರೆ ಪಾಲಿನ ಜಗಳ ಹತ್ತಿರದಿಂದ ನೋಡಿದವರು ಯಾರ ಪರ ನಿಂತಿದ್ದಾರೆ ಹೇಳಿ. ಸೈಮನ್ ಮತ್ತು ಪಾವ್ಲೋ ದಡದಲ್ಲಿ ಮಾತಾಡುವ ಒಂದು ದೃಶ್ಯ ಇದೆ. ನಾನು ಸಮುದ್ರದ ಜೀವಿಗಳನ್ನು ಕೊಲ್ಲೋದು ತಿನ್ನೋಕೆ, ನೀನು ಹುಳ ಕೊಲ್ಲೋದು ಖಯಾಲಿಗೆ ಅನ್ನುವ ಅರ್ಥದಲ್ಲಿ ಸೈಮನ್ ಚುಚ್ಚುತ್ತಾನೆ. ಸಿನಿಮಾ ಶುರುವಾಗುವುದೇ ಒಂದು ನೊಣ ಹಾರಾಡಿ ನೀರಿಗೆ ಬಿದ್ದು ಸಾಯುವುದರಿಂದ. ಬಾವ ಮನುಷ್ಯರನ್ನೂ ಅದೇ ದೂರದಿಂದ, ಹುಳುಗಳ ಹಾಗೆ ನೋಡುತ್ತಿದ್ದಾನೆ. ಇದರ ಇನ್ನೊಂದು ಇಟಾಲಿಯನ್ ಹೆಸರಿನ ಅರ್ಥ ‘ಕೊಲೆಯ ಪರಿಸರ ವಿಜ್ಞಾನ’ ಅಂತ. ನೋಡಿ ಹೇಗಿದೆ.

ಮೂರನೇ ದೂರು, ಆ ನಾಲ್ಕು ಹುಡುಗರ ಭಾಗ ಬೇರೆ ಸಿನಿಮಾದಿಂದ ತಂದು ಅಂಟಿಸಿದ ಹಾಗಿದೆ ಅಂತ. ಇದನ್ನು ನಾನೂ ಒಪ್ಪುತ್ತೇನೆ. ನಿದ್ದೆ ಬಂದಿದ್ದೂ ಅಲ್ಲೇ. ಕಾರಿನಲ್ಲಿ ಬರುತ್ತಾರೆ, ಕುಣಿಯುತ್ತಾರೆ, ಈಜುತ್ತಾರೆ, ಸಾಯುತ್ತಾರೆ. ತಮಾಷೆ ಏನು ಗೊತ್ತಾ, ಆಮೇಲೆ ಬಂದವರು ಎತ್ತಿಕೊಂಡಿದ್ದು ಈ ಸಡಿಲವಾದ ಭಾಗವನ್ನೇ! 1981ರ ‘ಫ್ರೈಡೇ ದ ಥರ್ಟೀನ್ತ್ ಪಾರ್ಟ್ 2’ ನೋಡಿ. ಮುಖಕ್ಕೆ ಮಚ್ಚು ಬೀಳುವುದು, ಮಂಚದ ಮೇಲಿದ್ದ ಜೋಡಿಯನ್ನು ಒಂದೇ ಈಟಿಯಲ್ಲಿ ಚುಚ್ಚುವುದು, ಎರಡೂ ಇಲ್ಲಿಂದ ಹೆಚ್ಚು ಕಡಿಮೆ ಹಾಗೇ ಹೋಗಿವೆ. ನೀರಿನ ದಡ, ಖಾಲಿ ಮನೆ, ಬುದ್ಧಿ ಇಲ್ಲದ ಯುವಕರು, ಇದೇ ಮುಂದೆ ಹತ್ತು ವರ್ಷ ಸ್ಲ್ಯಾಷರ್‌ನ ಸಿದ್ಧ ಅಡುಗೆ ಆಯಿತು. ಜಾಗದ ಜಗಳವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹಣ್ಣು ಬಿಟ್ಟು ಸಿಪ್ಪೆ ತಿಂದರು ಅಂತ ನನಗೆ ಅನಿಸುತ್ತದೆ.

ಆದರೂ ‘ಮೊದಲ ಸ್ಲ್ಯಾಷರ್’ ಅಂತ ಎದೆ ತಟ್ಟಿ ಹೇಳುವವರ ಜೊತೆ ನಾನಿಲ್ಲ. 1960ರಲ್ಲೇ ‘ಸೈಕೋ’ ಬಂದಿತ್ತು. ಇದೇ ಬಾವ 1964ರಲ್ಲಿ ‘ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್’ ಮಾಡಿದ್ದ. ರೋಮ್‌ನ ಒಂದು ಫ್ಯಾಷನ್ ಮಳಿಗೆ, ಮುಖಕ್ಕೆ ಬಿಳಿ ಬಟ್ಟೆ ಸುತ್ತಿದ ಕೊಲೆಗಾರ, ಒಬ್ಬೊಬ್ಬರಾಗಿ ಸಾಯುವ ಹೆಂಗಸರು. ಅಚ್ಚು ಅಲ್ಲೇ ಸಿದ್ಧವಾಗಿತ್ತು. ಇಟಲಿಯವರು ಈ ಬಗೆಯನ್ನು ‘ಜಾಲ್ಲೊ’ ಅನ್ನುತ್ತಾರೆ, ಹಳದಿ ಅಂತ ಅರ್ಥ. ಮೊಂಡದೋರಿ ಪ್ರಕಾಶನ 1929ರಿಂದ ಹಳದಿ ರಕ್ಷಾಪುಟದಲ್ಲಿ ಪತ್ತೇದಾರಿ ಕಾದಂಬರಿ ತರುತ್ತಿತ್ತು, ಹೆಸರು ಅಲ್ಲಿಂದ ಬಂತು. ಜಾಲ್ಲೊಗೆ ಕಪ್ಪು ಕೈಗವಸಿನ ಕೊಲೆಗಾರ ಬೇಕೇ ಬೇಕು, ಅವನ ಮುಖ ಕೊನೆಯವರೆಗೆ ಕಾಣಬಾರದು. ‘ಬೇ ಆಫ್ ಬ್ಲಡ್’ನ ಮೊದಲ ಕೊಲೆಯಲ್ಲಿ ಕಪ್ಪು ಕೈಗವಸು ಬರುತ್ತದೆ. ಸರಿ, ಶುರುವಾಯಿತು ಅಂತ ನಾವು ನೆಟ್ಟಗೆ ಕೂರುತ್ತೇವೆ. ತಕ್ಷಣ ಬಾವ ಆ ಕೊಲೆಗಾರನ ಮುಖ ತೋರಿಸಿ, ಅವನನ್ನೇ ಸಾಯಿಸಿಬಿಡುತ್ತಾನೆ! ತಾನೇ ಹಾಕಿದ ನಿಯಮವನ್ನು ಐದಾರು ನಿಮಿಷದಲ್ಲಿ ಮುರಿದು ಬಿಸಾಡಿದ್ದಾನೆ. ಈ ಆಟ ಗೊತ್ತಾಗಬೇಕಾದರೆ 1964ರದ್ದನ್ನು ಮೊದಲು ನೋಡಿರಬೇಕು. ಹಾಗಾಗಿ ನೀವು ಅದನ್ನು ನೋಡಿಲ್ಲದಿದ್ದರೆ ದಯವಿಟ್ಟು ಅದನ್ನು ಮೊದಲು ನೋಡಿ.

ಇನ್ನು ‘ಜೂಮ್ ಜಾಸ್ತಿ, ತಲೆನೋವು ಬಂತು’ ಅಂದವರಿಗೆ. ಜಾಸ್ತಿಯೇ ಇದೆ, ಸಮರ್ಥಿಸುವುದಿಲ್ಲ. ಆದರೆ ದುಡ್ಡು ಎಷ್ಟು ಕಮ್ಮಿ ಇತ್ತು ಅಂದರೆ ಕ್ಯಾಮೆರಾ ಓಡಿಸುವ ಟ್ರಾಲಿಯ ಬದಲು ಮಕ್ಕಳ ಆಟದ ಗಾಡಿ ಬಳಸಿದ್ದರು. ಚಿತ್ರೀಕರಣ ಆಗಿದ್ದು ಸಬೌದಿಯಾದಲ್ಲಿ, ನಿರ್ಮಾಪಕರ ಬೀಚ್ ಮನೆಯ ಸುತ್ತ. ಕಥೆಗೆ ಕಾಡು ಬೇಕು, ಅಲ್ಲಿ ಇದ್ದಿದ್ದು ಬೆರಳೆಣಿಕೆಯ ಮರ. ಲೆನ್ಸ್ ಮುಂದೆ ಕೊಂಬೆ ಹಿಡಿಸಿ ಕಾಡು ಮಾಡಿದರು. ಎರಡನೇ ಸಲ ನೋಡುವಾಗ ಅಂಚಿನಲ್ಲಿ ಅಲ್ಲಾಡುವ ಎಲೆಗಳ ಮೇಲೆ ಕಣ್ಣಿಡಿ, ನಗು ಬರುತ್ತದೆ. ಕ್ಯಾಮೆರಾ ಕೆಲಸವೂ ಬಾವನದ್ದೇ. ಅಪ್ಪ ಯುಜೇನಿಯೋ ಕೂಡ ಛಾಯಾಗ್ರಾಹಕ, ಮನೆಯಲ್ಲೇ ಕಲಿತ ವಿದ್ಯೆ. ಕೌಂಟೆಸ್ ನೇಣಿಗೆ ಬಿದ್ದ ಮೇಲೆ ಅವಳ ಮುಖದ ಮೇಲೆ ನಿಲ್ಲದೆ, ವೀಲ್‌ಚೇರಿನ ಚಕ್ರ ತಿರುಗಿ ತಿರುಗಿ ನಿಲ್ಲುವುದನ್ನು ತೋರಿಸುತ್ತಾನಲ್ಲ, ಅದಕ್ಕೆ ದುಡ್ಡು ಬೇಕಾಗಿಲ್ಲ, ಕಣ್ಣು ಬೇಕು.

ಕೊಲೆಯ ಮೇಕಪ್ ಕೈಚಳಕ ಕಾರ್ಲೋ ರಂಬಾಲ್ಡಿಯದ್ದು. ಇದೇ ಮನುಷ್ಯ ಮುಂದೆ ‘ಏಲಿಯನ್’ ಮತ್ತು ‘ಇ.ಟಿ.’ಗೆ ಆಸ್ಕರ್ ತಗೊಂಡ. ನಟರೂ ಸಣ್ಣವರಲ್ಲ. ರೆನಾಟಾ ಆಗಿರುವ ಕ್ಲೋಡಿನ್ ಓಜೇ 1965ರ ಬಾಂಡ್ ಚಿತ್ರ ‘ಥಂಡರ್‌ಬಾಲ್’ ನಾಯಕಿ. ಆಲ್ಬರ್ಟ್ ಆಗಿರುವ ಲುಯಿಜಿ ಪಿಸ್ಟಿಲ್ಲಿಯನ್ನು ಎಲ್ಲೋ ನೋಡಿದ್ದೀನಲ್ಲ ಅನಿಸಿದರೆ, ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ಯಲ್ಲಿ ಟೂಕೋನ ಅಣ್ಣ ಪಾದ್ರಿ ಅವನೇ.

ಸರಿ, ನೋಡುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಒಂದೇ ಸಿನಿಮಾಕ್ಕೆ ಏಳೆಂಟು ಹೆಸರುಗಳಿವೆ. ‘ಟ್ವಿಚ್ ಆಫ್ ದ ಡೆತ್ ನರ್ವ್’ ಅಂತ ಇದ್ದರೂ ಇದೇ, ‘ಕಾರ್ನೇಜ್’ ಅಂತ ಇದ್ದರೂ ಇದೇ, ಬೇರೆ ಅಂದುಕೊಂಡು ಎರಡು ಸಲ ದುಡ್ಡು ಕೊಡಬೇಡಿ. ನಾನು ಹಾಗೆ ಒಮ್ಮೆ ಕೊಟ್ಟಿದ್ದೇನೆ. ಅವಧಿ 84 ನಿಮಿಷದ ಆಸುಪಾಸು ಇರಬೇಕು, ತೀರಾ ಕಮ್ಮಿ ಇದ್ದರೆ ಕತ್ತರಿ ಹಾಕಿದ ಪ್ರಿಂಟ್. 80ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇದು ‘ವಿಡಿಯೋ ನ್ಯಾಸ್ಟಿ’ ಪಟ್ಟಿ, ಅಂದರೆ ಹಿಂಸೆ ಅತಿಯಾಯಿತು ಅಂತ ಸರ್ಕಾರದವರು ಕಣ್ಣಿಟ್ಟ ವಿಡಿಯೋಗಳ ಪಟ್ಟಿ ಸೇರಿತ್ತು, ಹಾಗಾಗಿ ತುಂಡು ಮಾಡಿದ ಪ್ರಿಂಟ್‌ಗಳು ಇನ್ನೂ ಸುತ್ತುತ್ತಿರುತ್ತವೆ. ಮಸುಕು ಪ್ರಿಂಟಿನಲ್ಲಿ ಮಾತ್ರ ನೋಡಲೇಬೇಡಿ. ಇದರಲ್ಲಿ ಅರ್ಧ ಸೊಗಸು ಬಣ್ಣದ್ದೇ. ನನ್ನ ಮೊದಲ ಸಲದ ನಿದ್ದೆಗೆ ಅದೂ ಒಂದು ಕಾರಣ, ರಾತ್ರಿಯ ದೃಶ್ಯಗಳೆಲ್ಲ ಕರಿ ಕಂಬಳಿ ಹೊದ್ದ ಹಾಗಿದ್ದವು. ಭಾಷೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಆ ಕಾಲದ ಇಟಲಿಯಲ್ಲಿ ಧ್ವನಿಯೆಲ್ಲ ಆಮೇಲೆ ಸ್ಟುಡಿಯೋದಲ್ಲೇ ಸೇರಿಸುತ್ತಿದ್ದರು, ಇಟಾಲಿಯನ್ ಇರಲಿ ಇಂಗ್ಲಿಷ್ ಇರಲಿ ತುಟಿ ಪೂರ್ತಿ ಹೊಂದುವುದಿಲ್ಲ. ಸಬ್‌ಟೈಟಲ್ ಇದ್ದರೆ ಇಟಾಲಿಯನ್ನೇ ಹಾಕಿ.

ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ನೋಡಿ. ಊಟದ ತಟ್ಟೆ ಹಿಡಿದು ಕೂರಬೇಡಿ, ಹೆಣದ ಮುಖದ ಮೇಲೆ ಆಕ್ಟೋಪಸ್ ಹರಿದಾಡುವ ಒಂದು ದೃಶ್ಯ ಸಾಕು. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಯಾರು ಯಾರನ್ನು ಅಂತ ಬಾಣದ ಗುರುತು ಹಾಕುತ್ತಾ ಹೋಗಿ. ಎಲ್ಲ ಬಾಣವೂ ಯಾವ ಕಡೆಗೆ ತಿರುಗುತ್ತದೆ ಅಂತ ಅಲ್ಲೇ ಕಾಣುತ್ತದೆ. ಸೈಮನ್ ಹೆಸರಿನ ಮುಂದೆ ಆರು ಬರಬೇಕು. ಐದೇ ಬಂದರೆ ಲಾರಾಳನ್ನು ಬಿಟ್ಟಿದ್ದೀರಿ ಅಂತ ಅರ್ಥ.