ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದರೆ ದೇಶಕ್ಕೆ ಅವಮಾನವೇ?

ಪ್ರಶ್ನೆ: ಸರ್, ನಾವು ಮೂಲತಃ ಮಡಿಕೇರಿ ಕಡೆಯವರು. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ ಇದ್ದೇವೆ. ಮಗಳು ಇಲ್ಲೇ ಹುಟ್ಟಿದವಳು, ಸರ್ಕಾರಿ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಮುಂದಿನ ಪಂದ್ಯಕ್ಕೆ ಮುಂಚೆ ಅಮೆರಿಕದ ರಾಷ್ಟ್ರಗೀತೆ ಹಾಕಿದಾಗ ತಂಡದ ಕೆಲವು ಹುಡುಗಿಯರು ಮಂಡಿಯೂರುತ್ತಾರಂತೆ, ಇವಳೂ ಸೇರಿಕೊಂಡಿದ್ದಾಳೆ. ನಮ್ಮಪ್ಪ ಸೈನ್ಯದಲ್ಲಿದ್ದವರು. ಟಿವಿಯಲ್ಲಿ ಜನಗಣಮನ ಬಂದರೂ ಎದ್ದು ನಿಲ್ಲುತ್ತಿದ್ದರು. ಅನ್ನ ಕೊಟ್ಟ ದೇಶಕ್ಕೆ ಹೀಗೆ ಮಾಡುವುದು ನನಗೆ ಸರಿ ಕಾಣುತ್ತಿಲ್ಲ. ‘ಇದೂ ದೇಶಪ್ರೇಮವೇ ಅಪ್ಪ’ ಅಂತ ಅವಳು ವಾದ ಮಾಡುತ್ತಾಳೆ. ಶಾಲೆಯವರು ತಂಡದಿಂದ ತೆಗೆದುಬಿಟ್ಟರೆ ಎಂಬ ಭಯ ಬೇರೆ. ಏನು ಮಾಡಲಿ?

ಉತ್ತರ: ಭಯದ ವಿಷಯವನ್ನು ಮೊದಲು ಮುಗಿಸಿಬಿಡೋಣ. 1943ರ ಜೂನ್ 14ರಂದು, ಎರಡನೇ ಮಹಾಯುದ್ಧ ಜೋರಾಗಿ ನಡೆಯುತ್ತಿರುವಾಗಲೇ, ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಬಾರ್ನೆಟ್ ಪ್ರಕರಣ ಅಂತ ಅದಕ್ಕೆ ಹೆಸರು. ಸರ್ಕಾರಿ ಶಾಲೆಗಳು ಮಕ್ಕಳಿಂದ ಬಲವಂತವಾಗಿ ಧ್ವಜವಂದನೆ ಮಾಡಿಸುವ ಹಾಗಿಲ್ಲ ಎಂದಿತು. ಇದೇ ತತ್ವ ಆಟದ ಮೈದಾನಕ್ಕೂ ಬಂದಿದೆ. 2017ರಲ್ಲಿ ನಿಮ್ಮ ರಾಜ್ಯದಲ್ಲೇ ಒಬ್ಬ ಹೈಸ್ಕೂಲ್ ಫುಟ್‌ಬಾಲ್ ಆಟಗಾರ ಮಂಡಿಯೂರಿದ. ಹಾಗೆ ಮಾಡಬಾರದು ಅಂತ ಶಾಲೆಯ ಆಡಳಿತ ನಿಯಮ ತಂದಿತು. ಫೆಡರಲ್ ಕೋರ್ಟ್ ಆ ನಿಯಮಕ್ಕೇ ತಡೆ ಕೊಟ್ಟಿತು. ಖಾಸಗಿ ಶಾಲೆಯಾಗಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ವಾಕ್ ಸ್ವಾತಂತ್ರ್ಯವನ್ನು ಕಾಪಾಡುವ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು, ಖಾಸಗಿಯವರ ಕೈಯನ್ನಲ್ಲ. ಇನ್ನು, ಕೋಚ್ ಮುನಿಸಿಕೊಂಡು ಬೆಂಚಿನಲ್ಲಿ ಕೂರಿಸಿದರೆ ಅದನ್ನು ಸಾಬೀತು ಮಾಡುವುದು ಕಷ್ಟ. ಪಂದ್ಯಕ್ಕೆ ಮುಂಚೆಯೇ ಹುಡುಗಿಯರೆಲ್ಲ ಕೋಚ್ ಹತ್ತಿರ ಹೋಗಿ ಒಂದು ಮಾತು ಹೇಳಿಬಿಡುವುದು ಒಳ್ಳೆಯದು.

ಆದರೆ ನಿಮ್ಮ ನಿಜವಾದ ಪ್ರಶ್ನೆ ಕಾನೂನಿನದ್ದಲ್ಲ, ಅಲ್ವಾ? ನಿಮ್ಮ ಪತ್ರದಲ್ಲಿ ಅಪ್ಪನ ವಿಷಯ ಬಂದಿರುವುದರಿಂದ ಒಬ್ಬ ಸೈನಿಕನ ಕತೆ ಹೇಳುತ್ತೇನೆ.

2016ರ ಜುಲೈನಲ್ಲಿ ಎರಡೇ ದಿನಗಳಲ್ಲಿ ಇಬ್ಬರು ಕರಿಯರು ಪೊಲೀಸರ ಗುಂಡಿಗೆ ಬಲಿಯಾದರು. ಲೂಸಿಯಾನಾದಲ್ಲಿ ಆಲ್ಟನ್ ಸ್ಟರ್ಲಿಂಗ್, ಮಿನ್ನೆಸೋಟಾದಲ್ಲಿ ಫಿಲಾಂಡೊ ಕ್ಯಾಸ್ಟೀಲ್. ಎರಡೂ ಘಟನೆಯ ವಿಡಿಯೊಗಳನ್ನು ದೇಶವೇ ನೋಡಿತು. ಮುಂದಿನ ತಿಂಗಳು ನಿಮ್ಮ ಊರಿನ ಪಕ್ಕದ ಅಮೆರಿಕನ್ ಫುಟ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ನ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಮುಖ್ಯ ಆಟಗಾರ) ಕಾಲಿನ್ ಕೆಪರ್ನಿಕ್ ರಾಷ್ಟ್ರಗೀತೆಯ ಹೊತ್ತಿಗೆ ಬೆಂಚಿನ ಮೇಲೆ ಸುಮ್ನೆ ಕೂತುಬಿಟ್ಟರು. ಮೊದಲು ಯಾರೂ ಗಮನಿಸಲಿಲ್ಲ. ಗಮನಿಸಿದ ಮೇಲೆ ಗಲಾಟೆ ಶುರುವಾಯಿತು. ಕರಿಯರನ್ನು ತುಳಿಯುವ ದೇಶದ ಧ್ವಜಕ್ಕೆ ಹೆಮ್ಮೆಯಿಂದ ಎದ್ದು ನಿಲ್ಲಲಾರೆ ಎಂದರು ಅವರು.

ಅದನ್ನು ಓದಿ ತುಂಬ ನೊಂದವರಲ್ಲಿ ನೇಟ್ ಬೋಯರ್ ಒಬ್ಬರು. ಅಮೆರಿಕ ಸೈನ್ಯದ ಗ್ರೀನ್ ಬೆರೆ ವಿಶೇಷ ಪಡೆಯಲ್ಲಿದ್ದವರು, ಆಮೇಲೆ ಸ್ವಲ್ಪ ಕಾಲ ಸಿಯಾಟಲ್‌ನ ಫುಟ್‌ಬಾಲ್ ತಂಡದಲ್ಲೂ ಇದ್ದವರು. ಬೈಯುವುದು ಬಿಟ್ಟು ಅವರು ಕೆಪರ್ನಿಕ್‌ಗೆ ಒಂದು ಬಹಿರಂಗ ಪತ್ರ ಬರೆದರು. ನನಗೆ ಸಿಟ್ಟು ಬಂದಿದೆ, ಆದರೂ ನಿನ್ನ ಮಾತು ಕೇಳಲು ಸಿದ್ಧನಿದ್ದೇನೆ ಎಂಬ ಧಾಟಿಯ ಪತ್ರ. ಕೆಪರ್ನಿಕ್ ಅವರನ್ನು ಕರೆಸಿಕೊಂಡರು. ಸ್ಯಾನ್ ಡಿಯಾಗೋದ ಒಂದು ಹೋಟೆಲಿನಲ್ಲಿ ಇಬ್ಬರೂ ಕೂತು ಮಾತಾಡಿದರು. ತಂಡದವರನ್ನು ಬಿಟ್ಟು ಒಬ್ಬನೇ ಬೆಂಚಿನ ಮೇಲೆ ಕೂರುವುದು ಸರಿ ಕಾಣುವುದಿಲ್ಲ, ಅದರ ಬದಲು ಗೆಳೆಯರ ಪಕ್ಕದಲ್ಲೇ ಒಂದು ಮಂಡಿಯೂರು ಎಂದರು ಬೋಯರ್. ಜನ ದೇವರ ಮುಂದೆ ಮಂಡಿಯೂರುತ್ತಾರೆ. ಸೈನಿಕರು ಸತ್ತ ಗೆಳೆಯನ ಸಮಾಧಿ ಮುಂದೆ ಮಂಡಿಯೂರುತ್ತಾರೆ. ಹೀಗಿತ್ತು ಅವರ ಯೋಚನೆ.

ಸೆಪ್ಟೆಂಬರ್ 1ರ ರಾತ್ರಿ ಸ್ಯಾನ್ ಡಿಯಾಗೋದಲ್ಲಿ ಪಂದ್ಯ. ಅವತ್ತು ಅಲ್ಲಿ ಸೈನಿಕರನ್ನು ಗೌರವಿಸುವ ಕಾರ್ಯಕ್ರಮವೂ ಇತ್ತು. ರಾಷ್ಟ್ರಗೀತೆ ಶುರುವಾದಾಗ ಕೆಪರ್ನಿಕ್ ಮತ್ತು ಅವರ ಜೊತೆ ಆಟಗಾರ ಎರಿಕ್ ರೀಡ್ ಮಂಡಿಯೂರಿದರು. ನೀನೂ ಮಂಡಿಯೂರುತ್ತೀಯಾ ಅಂತ ಬೋಯರ್‌ರನ್ನು ಕೇಳಿದ್ದರು. ಅವರು ಒಪ್ಪಿರಲಿಲ್ಲ, ಪಕ್ಕದಲ್ಲಿ ನಿಲ್ಲುತ್ತೇನೆ ಎಂದಿದ್ದರು. ಹಾಗೇ ಎದೆಯ ಮೇಲೆ ಕೈಯಿಟ್ಟು ನೆಟ್ಟಗೆ ನಿಂತರು. ಒಬ್ಬ ಮಂಡಿಯೂರಿದ್ದಾನೆ, ಅವನ ಪಕ್ಕದಲ್ಲಿ ಮಾಜಿ ಸೈನಿಕ ವಂದನೆ ಸಲ್ಲಿಸುತ್ತಿದ್ದಾನೆ. ಸುತ್ತ ಪ್ರೇಕ್ಷಕರು ಕೂಗಾಡುತ್ತಿದ್ದಾರೆ. ಈ ಇಡೀ ವಿವಾದದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಈ ಇಬ್ಬರು ಅಕ್ಕಪಕ್ಕ ಇದ್ದ ಆ ಹೊತ್ತು. ಇಬ್ಬರ ಅಭಿಪ್ರಾಯವೂ ಒಂದಾಗಿರಲಿಲ್ಲ.

ಅಂದರೆ ನಿಮ್ಮ ಮಗಳು ಮಾಡಲು ಹೊರಟಿರುವುದು ಸೈನಿಕರನ್ನು ಅಣಕಿಸಲು ಹುಟ್ಟಿದ ಭಂಗಿಯಲ್ಲ. ಒಬ್ಬ ಸೈನಿಕನೇ ಸೂಚಿಸಿದ್ದು. ನಿಮ್ಮಪ್ಪ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ, ಇಷ್ಟಂತೂ ಅವರಿಗೆ ಅರ್ಥವಾಗುತ್ತಿತ್ತು.

ಹಾಗಂತ ಕೆಪರ್ನಿಕ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಅಭ್ಯಾಸದ ವೇಳೆ ಪೊಲೀಸ್ ಟೋಪಿ ಹಾಕಿದ ಹಂದಿಗಳ ಚಿತ್ರವಿರುವ ಕಾಲುಚೀಲ ಹಾಕಿಕೊಂಡಿದ್ದರು. ಅದು ಪ್ರತಿಭಟನೆಯಲ್ಲ, ಕೀಟಲೆ. ಅದೇ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಲಿಲ್ಲ ಎಂದೂ ಹೇಳಿದರು. ದೇಶ ತನ್ನ ಮಾತು ಉಳಿಸಿಕೊಳ್ಳಲಿ ಅಂತ ಕೇಳುವವನು ಮತಗಟ್ಟೆಗೆ ಹೋಗದಿದ್ದರೆ ಹೇಗೆ? ಇದು ನನಗೆ ಇವತ್ತಿಗೂ ಬೇಸರದ ವಿಷಯ. ಆದರೆ ಅವರು ತೆತ್ತ ಬೆಲೆ ಚಿಕ್ಕದಲ್ಲ. ಹತ್ತು ಲಕ್ಷ ಡಾಲರ್ ದಾನ ಕೊಡುತ್ತೇನೆ ಎಂದು ಹೇಳಿ ಕೊಟ್ಟರು. 2017ರಲ್ಲಿ ಒಪ್ಪಂದದಿಂದ ಹೊರಬಂದ ಮೇಲೆ ಒಂದು ತಂಡವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಆಗ ಅವರಿಗೆ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಎಲ್ಲ ತಂಡಗಳೂ ಸೇರಿ ತಮ್ಮನ್ನು ಹೊರಗಿಟ್ಟಿವೆ ಎಂದು ದೂರು ಕೊಟ್ಟರು. 2019ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. 2020ರಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಸತ್ತ ನಂತರ, ಆಟಗಾರರ ಮಾತನ್ನು ಮೊದಲೇ ಕೇಳದೆ ತಪ್ಪು ಮಾಡಿದೆವು ಎಂದು ಫುಟ್‌ಬಾಲ್ ಲೀಗಿನ ಮುಖ್ಯಸ್ಥ ರೋಜರ್ ಗುಡೆಲ್ ಒಪ್ಪಿಕೊಂಡರು. ಕೆಪರ್ನಿಕ್ ಹೆಸರು ಮಾತ್ರ ಆ ಹೇಳಿಕೆಯಲ್ಲಿ ಇರಲಿಲ್ಲ.

ನಿಮಗೆ ಹತ್ತಿರದಲ್ಲೇ ಒಂದು ಜಾಗ ಇದೆ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಬನ್ನಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದ ಪದಕ ವೇದಿಕೆಯ ಮೇಲೆ ಕಪ್ಪು ಕೈಗವಸು ಹಾಕಿದ ಮುಷ್ಟಿ ಎತ್ತಿ ನಿಂತ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಅವರ ಪ್ರತಿಮೆ ಅಲ್ಲಿದೆ. ಇಬ್ಬರೂ ಅಲ್ಲಿಯ ವಿದ್ಯಾರ್ಥಿಗಳು. ಸ್ಮಿತ್ ಅವತ್ತು 19.83 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದರು. ಶೂ ಬಿಚ್ಚಿ ಬರೀ ಕಪ್ಪು ಕಾಲುಚೀಲದಲ್ಲಿ ವೇದಿಕೆ ಹತ್ತಿದ್ದರು, ಕರಿಯರ ಬಡತನ ಕಾಣಲಿ ಅಂತ. ಕೈಗವಸುಗಳು ಇದ್ದದ್ದೇ ಒಂದು ಜೊತೆ. ಕಾರ್ಲೋಸ್ ತಮ್ಮದನ್ನು ಮರೆತು ಬಂದಿದ್ದರು. ಇಬ್ಬರೂ ಒಂದೊಂದು ಹಾಕಿಕೊಳ್ಳಿ ಎಂದು ಹೇಳಿಕೊಟ್ಟವರು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ ಓಟಗಾರ ಪೀಟರ್ ನಾರ್ಮನ್. ಹಾಗಾಗಿ ಚಿತ್ರದಲ್ಲಿ ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ನಾರ್ಮನ್ ತಾವೂ ಮಾನವ ಹಕ್ಕುಗಳ ಬ್ಯಾಡ್ಜ್ ಹಾಕಿಕೊಂಡು ನಿಂತರು. ಪ್ರತಿಮೆಯಲ್ಲಿ ಅವರ ಜಾಗ ಖಾಲಿ ಇದೆ, ಬಂದವರು ಅಲ್ಲಿ ಹತ್ತಿ ನಿಲ್ಲಲಿ ಅಂತ ಅವರೇ ಹಾಗೆ ಬಯಸಿದ್ದರು. ಸ್ಮಿತ್, ಕಾರ್ಲೋಸ್ ಇಬ್ಬರನ್ನೂ ಆಮೇಲೆ ಒಲಿಂಪಿಕ್ಸ್‌ನಿಂದ ಮನೆಗೆ ಕಳಿಸಿದರು. 2019ರಲ್ಲಿ ಅದೇ ಅಮೆರಿಕದ ಒಲಿಂಪಿಕ್ ಸಂಸ್ಥೆ ಅವರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು.

ಈಗ ನೀವು ಮಾಡಬೇಕಾದ್ದು. ಮಗಳನ್ನು ತಡೆಯಬೇಡಿ, ಆದರೆ ಸುಲಭವಾಗಿ ಬಿಡಲೂಬೇಡಿ. ಯಾಕೆ ಮಂಡಿಯೂರುತ್ತೀಯ, ಯಾರಿಗಾಗಿ, ಅದರಿಂದ ಏನು ಆಗಬೇಕು ಅಂತ ಕೇಳಿ. ಎರಡು ವಾಕ್ಯದಲ್ಲಿ ಹೇಳಲು ಬಂದರೆ ಸರಿ. ‘ಎಲ್ಲರೂ ಮಾಡ್ತಿದ್ದಾರೆ’ ಅನ್ನುವ ಉತ್ತರ ಬಂದರೆ ಇನ್ನೊಂದು ವಾರ ಯೋಚನೆ ಮಾಡು ಅನ್ನಿ. ಪಂದ್ಯಕ್ಕೆ ನೀವೂ ಹೋಗಿ. ನಿಮಗೆ ಎದ್ದು ನಿಲ್ಲಬೇಕು ಅನಿಸಿದರೆ ಧಾರಾಳವಾಗಿ ಎದ್ದು ನಿಲ್ಲಿ. ಬೋಯರ್ ಮಾಡಿದ್ದೂ ಅದನ್ನೇ.

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ. ನಮ್ಮ ಕಬಡ್ಡಿ ತಂಡದಾಗ ಒಬ್ಬ ಹುಡುಗ ಅದಾನ, ಜನಗಣಮನ ಹಾಡುವಾಗ ನೆಟ್ಟಗ ನಿಲ್ಲತಾನ, ಆದ್ರ ಬಾಯಿ ಬಿಡಂಗಿಲ್ಲ. ಅವರ ಧರ್ಮದಾಗ ಹಾಡಂಗಿಲ್ಲಂತ. ಅವನನ್ನ ತಂಡದಿಂದ ತೆಗೀರಿ ಅಂತ ಕೆಲವು ಪಾಲಕರು ಗಂಟುಬಿದ್ದಾರ. ಏನು ಮಾಡಬೇಕು?

ಉತ್ತರ: ಮಾಸ್ತರ, ಹುಡುಗನನ್ನು ತೆಗೆಯಬೇಡಿ. ಇದಕ್ಕೆ ನಮ್ಮ ಸುಪ್ರೀಂ ಕೋರ್ಟ್ 1986ರಲ್ಲೇ ಉತ್ತರ ಕೊಟ್ಟಿದೆ. ಕೇರಳದ ಒಂದು ಶಾಲೆಯಲ್ಲಿ ಒಂದೇ ಮನೆಯ ಮೂವರು ಮಕ್ಕಳಿದ್ದರು, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಥೇಟ್ ನಿಮ್ಮ ಹುಡುಗನ ಹಾಗೆ. ವಿಷಯ ವಿಧಾನಸಭೆ ತನಕ ಹೋಯಿತು. ವಿಚಾರಣೆ ಮಾಡಿದವರು ಮಕ್ಕಳು ಅಗೌರವ ತೋರಿಲ್ಲ ಎಂದು ವರದಿ ಕೊಟ್ಟರು. ಆದರೂ 1985ರಲ್ಲಿ ಶಾಲೆಯಿಂದ ಹೊರಹಾಕಿದರು. ಹೈಕೋರ್ಟಿನಲ್ಲೂ ಸೋಲು. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳ ಪರ ನಿಂತಿತು. ಗೌರವದಿಂದ ಎದ್ದು ನಿಂತರೆ ಸಾಕು, ಹಾಡಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ ಎಂದಿತು. ಬಿಜೋ ಎಮ್ಯಾನುಯೆಲ್ ಪ್ರಕರಣ ಅಂತ ಹುಡುಕಿದರೆ ತೀರ್ಪು ಸಿಗುತ್ತದೆ. ಪ್ರಿಂಟ್ ತೆಗೆದು ಪಾಲಕರ ಸಭೆಗೆ ಒಯ್ಯಿರಿ.

ರಾಷ್ಟ್ರದ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ಇದೆಯಲ್ಲ ಅಂತ ಯಾರಾದರೂ ಎದ್ದು ಕೇಳುತ್ತಾರೆ. ಇದೆ, ಮೂರು ವರ್ಷದವರೆಗೆ ಜೈಲೂ ಇದೆ. ಆದರೆ ಅದು ಬೇಕಂತಲೇ ಹಾಡುವುದನ್ನು ತಡೆಯುವವರಿಗೆ, ಹಾಡುವ ಸಭೆಯಲ್ಲಿ ಗದ್ದಲ ಎಬ್ಬಿಸುವವರಿಗೆ. ಬಾಯಿ ಮುಚ್ಚಿ ನಿಂತವನಿಗಲ್ಲ. ಸಿನಿಮಾ ಮಂದಿರದ ಉದಾಹರಣೆಯೂ ಬಂದೇ ಬರುತ್ತದೆ. ಅಲ್ಲಿ ರಾಷ್ಟ್ರಗೀತೆ ಕಡ್ಡಾಯ ಅಂತ 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು, 2018ರ ಜನವರಿಯಲ್ಲಿ ತಾನೇ ಆ ಕಡ್ಡಾಯವನ್ನು ತೆಗೆಯಿತು.

ಒಂದು ಎಚ್ಚರಿಕೆ. ಅಮೆರಿಕದ ಮಕ್ಕಳ ಹಾಗೆ ಇಲ್ಲಿ ಮಂಡಿಯೂರುವುದು ಬೇರೆ ಮಾತು. ಎದ್ದು ನಿಲ್ಲಬೇಕು ಅಂತ ನಮ್ಮ ಗೃಹ ಇಲಾಖೆಯ ಆದೇಶವೇ ಇದೆ. ಕೇರಳದ ಮಕ್ಕಳು ಗೆದ್ದದ್ದು ಎದ್ದು ನಿಂತಿದ್ದರಿಂದಲೇ. ಕೂತರೆ ಪೊಲೀಸ್ ಠಾಣೆಯ ಓಡಾಟ ಮೈಮೇಲೆ ಬರಬಹುದು. ಬೆಂಗಳೂರಿನಂಥ ಊರಿನಲ್ಲೇ 2019ರಲ್ಲಿ ಚಿತ್ರಮಂದಿರದಲ್ಲಿ ಏಳದೆ ಕೂತವರ ಮೇಲೆ ಪಕ್ಕದವರೇ ಎಗರಾಡಿದ್ದು ನೆನಪಿರಬಹುದು. ದೇಶಪ್ರೇಮದ ಪರೀಕ್ಷೆ ನಡೆಸುವ ಅಧಿಕಾರವನ್ನು ಅವರಿಗೆ ಯಾರು ಕೊಟ್ಟರೋ!

ಪ್ರಶ್ನೆ: ಮೈಸೂರಿನ ಕಾಲೇಜು ವಿದ್ಯಾರ್ಥಿ ನಾನು. ಆಟದಲ್ಲಿ ಈ ರಾಜಕೀಯ ಎಲ್ಲ ಯಾಕೆ ಬೇಕು ಸರ್? ಕೊಹ್ಲಿ ತಂಡ ಕೂಡ ಒಮ್ಮೆ ಮಂಡಿಯೂರಿತ್ತು. ಅದು ಬರೀ ನಾಟಕ ಅಲ್ವಾ?

ಉತ್ತರ: ಆಟದೊಳಗೆ ರಾಜಕೀಯ ತಂದವರು ಆಟಗಾರರು ಮಾತ್ರ ಅಂದುಕೊಂಡಿದ್ದೀರಿ. 2015ರಲ್ಲಿ ಅಮೆರಿಕದ ಸೆನೆಟರ್‌ಗಳಾದ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಒಂದು ವರದಿ ಹೊರತಂದರು. ಮೈದಾನದಲ್ಲಿ ಸೈನಿಕರಿಗೆ ಸನ್ಮಾನ, ದೊಡ್ಡ ಧ್ವಜ ಹಿಡಿಯುವುದು ಇಂಥವಕ್ಕೆಲ್ಲ ರಕ್ಷಣಾ ಇಲಾಖೆ ಕ್ರೀಡಾ ತಂಡಗಳಿಗೆ 68 ಲಕ್ಷ ಡಾಲರಿನಷ್ಟು ದುಡ್ಡು ಕೊಟ್ಟಿದ್ದು ಅದರಲ್ಲಿತ್ತು. ಮೆಕೇನ್ ಸ್ವತಃ ವಿಯೆಟ್ನಾಂನಲ್ಲಿ ಯುದ್ಧಕೈದಿಯಾಗಿದ್ದವರು, ಅವರನ್ನು ದೇಶದ್ರೋಹಿ ಅನ್ನಲು ಆಗುವುದಿಲ್ಲ. ಫುಟ್‌ಬಾಲ್ ಲೀಗ್ ಆಮೇಲೆ ಏಳು ಲಕ್ಷ ಡಾಲರಿಗೂ ಹೆಚ್ಚು ವಾಪಸ್ ಕೊಟ್ಟಿತು. ದುಡ್ಡು ಪಡೆದು ಮಾಡಿದ ವಂದನೆ ರಾಜಕೀಯವಲ್ಲ, ಕೆಲಸ ಕಳೆದುಕೊಂಡು ಮಾಡಿದ ಮೌನ ಮಾತ್ರ ರಾಜಕೀಯ ಅಂದರೆ ನನಗೆ ಒಪ್ಪಿಗೆಯಿಲ್ಲ.

ಕೊಹ್ಲಿ ತಂಡ ಮಂಡಿಯೂರಿದ್ದು 2021ರ ಅಕ್ಟೋಬರ್ 24ರಂದು, ದುಬೈನಲ್ಲಿ ಪಾಕಿಸ್ತಾನದ ವಿರುದ್ಧ. ರಾಷ್ಟ್ರಗೀತೆಯ ಹೊತ್ತಿನಲ್ಲಲ್ಲ, ಆಟ ಶುರುವಾಗುವ ಮುಂಚೆ, ವರ್ಣದ್ವೇಷದ ವಿರುದ್ಧ. ಮ್ಯಾನೇಜ್‌ಮೆಂಟ್‌ನಿಂದ ನಮಗೆ ಹಾಗೆ ತಿಳಿಸಲಾಗಿತ್ತು ಎಂದು ಕೊಹ್ಲಿಯೇ ಹೇಳಿದರು. ಎರಡು ದಿನದ ನಂತರ ಅದೇ ಊರಿನಲ್ಲಿ ದಕ್ಷಿಣ ಆಫ್ರಿಕಾದ ಕ್ವಿಂಟನ್ ಡಿ ಕಾಕ್ ಪಂದ್ಯವನ್ನೇ ಬಿಟ್ಟು ಹೊರಗುಳಿದರು. ಎಲ್ಲರೂ ಮಂಡಿಯೂರಲೇಬೇಕು ಅಂತ ಅವರ ಕ್ರಿಕೆಟ್ ಮಂಡಳಿ ಮಾಡಿದ ಆದೇಶ ಅವತ್ತು ಬೆಳಿಗ್ಗೆ ಆಟಗಾರರಿಗೆ ತಲುಪಿತ್ತು. ತಮ್ಮ ಮಲತಾಯಿ ಕಪ್ಪು ಮಹಿಳೆ, ತಮಗೆ ವರ್ಣದ್ವೇಷ ಇಲ್ಲ, ಆದೇಶ ಕೊಟ್ಟ ರೀತಿಯಿಂದ ಹಕ್ಕನ್ನೇ ಕಿತ್ತುಕೊಂಡ ಹಾಗಾಯಿತು ಎಂದು ಆಮೇಲೆ ವಿವರಿಸಿದರು. ಕ್ಷಮೆ ಕೇಳಿದರು. ಮುಂದಿನ ಪಂದ್ಯದಲ್ಲಿ ಮಂಡಿಯೂರಿದರು. ಮನಸ್ಸಿನಿಂದಲೋ, ತಂಡದಲ್ಲಿ ಜಾಗ ಉಳಿಸಿಕೊಳ್ಳಲೋ, ಆದೇಶ ಹೊರಟ ಮೇಲೆ ನೋಡುವವರಿಗೆ ಗೊತ್ತಾಗುವುದು ಹೇಗೆ? ಹಾಗಾಗಿ ಕೊಹ್ಲಿ ತಂಡದ್ದನ್ನು ನಾಟಕ ಅಂತ ನಾನು ಕರೆಯುವುದಿಲ್ಲ, ಪ್ರತಿಭಟನೆ ಅಂತಲೂ ಕರೆಯುವುದಿಲ್ಲ. 2023ರಲ್ಲಿ ದೆಹಲಿಯ ಜಂತರ್ ಮಂತರ್‌ನ ಫುಟ್‌ಪಾತಿನಲ್ಲಿ ಮಲಗಿ, ಪೊಲೀಸರ ಕೈಗೆ ಸಿಕ್ಕಿ, ಪದಕಗಳನ್ನು ಗಂಗೆಗೆ ಹಾಕಲು ಹರಿದ್ವಾರದವರೆಗೆ ಹೋದ ಕುಸ್ತಿಪಟುಗಳಾದ ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪೂನಿಯಾ ಅವರದ್ದು ಪ್ರತಿಭಟನೆ. ಅವರ ಪರವಾಗಿ ಮಾತಾಡಿದ ಕ್ರಿಕೆಟ್ ಆಟಗಾರರು ಎಷ್ಟು ಜನ, ಅದನ್ನು ನೀವೇ ಲೆಕ್ಕ ಹಾಕಿ.