ನಾಣ್ಯ ಪ್ರಶ್ನೋತ್ತರ: 1801ರ ಸೆಂಟಿನಲ್ಲಿ ಮೂರು ತಪ್ಪುಗಳು

ಪ್ರಶ್ನೆ: ನಮ್ಮ ಅಜ್ಜನವರ ಪೆಟ್ಟಿಗೆಯಲ್ಲಿ ಅಮೆರಿಕದ ತಾಮ್ರದ ನಾಣ್ಯವೊಂದು ಸಿಕ್ಕಿದೆ. ಮುಂಭಾಗದಲ್ಲಿ ಹೆಣ್ಣಿನ ಮುಖವೂ ಅದರ ಕೆಳಗೆ 1801 ಎಂಬ ಇಸವಿಯೂ ಇವೆ. ಹಿಂಭಾಗದ ಎಲೆಮಾಲೆಯ ಕೆಳಗೆ 1/100 ಇರಬೇಕಾದಲ್ಲಿ 1/000 ಎಂದು ಕಾಣುತ್ತದೆ. ಸರಕಾರಿ ಟಂಕಸಾಲೆ ಇಂಥ ತಪ್ಪು ಮಾಡಲಾರದು, ಇದು ಖೋಟಾ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನಿಜವೇ?
— ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಆ ಒಂದು ತಪ್ಪಿನ ಆಧಾರದಿಂದ ನಿಮ್ಮ ನಾಣ್ಯವನ್ನು ಖೋಟಾ ಎನ್ನಲು ಬರುವುದಿಲ್ಲ. ಇದು ಸೆಂಟು, ಅಂದರೆ ಡಾಲರಿನ ನೂರರಲ್ಲಿ ಒಂದು ಪಾಲಿನ ನಾಣ್ಯ, 1/100 ಎಂಬ ಬರಹ ಹೇಳುವುದು ಅದನ್ನೇ. 1801ರ ಕೆಲವು ಅಚ್ಚುಗಳಲ್ಲಿ 1/000 ಎಂಬ ಬರಹ ನಿಜವಾಗಿಯೇ ಇದೆ, 1802ರ ಸೆಂಟುಗಳಲ್ಲಿಯೂ ಅದು ಕಾಣುತ್ತದೆ. ಒಂದು ಅಚ್ಚಿನಲ್ಲಂತೂ ಮೊದಲು ಹೊಡೆದ 1/000 ಮೇಲೆಯೇ 1/100 ಎಂದು ತಿದ್ದಿದ ಗುರುತು ಉಳಿದಿದೆ.

ಪಾತ್ರೆ ಅಂಗಡಿಯಲ್ಲಿ ತಂಬಿಗೆಯ ಮೇಲೆ ಹೆಸರು ಹಾಕಿಸಿದವರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ಒಂದೇ ಹೆಸರನ್ನು ಒಂದೇ ಕೈ ಎರಡು ತಂಬಿಗೆಗಳ ಮೇಲೆ ಹಾಕಿದರೂ ಅಕ್ಷರಗಳ ನಡುವಿನ ಅಂತರ ಒಂದೇ ಆಗಿರುವುದಿಲ್ಲ. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಆ ಕಾಲಕ್ಕೆ ಮುಖದ ಚಿತ್ರಕ್ಕೆ ಮೂಲ ಮುದ್ರೆ ಇತ್ತಾದರೂ ಅಕ್ಷರಗಳನ್ನು ಮತ್ತು ಅಂಕಿಗಳನ್ನು ಉಕ್ಕಿನ ಅಚ್ಚಿನ ಮೇಲೆ ಒಂದೊಂದಾಗಿ, ಅದೂ ಕನ್ನಡಿಯ ಬಿಂಬದಂತೆ ತಿರುಗಿಸಿ, ಕೈಯಿಂದಲೇ ಹೊಡೆಯುತ್ತಿದ್ದರು. ಆದ್ದರಿಂದ ಪ್ರತಿಯೊಂದು ಅಚ್ಚಿಗೂ ತನ್ನದೇ ಆದ ಅಂತರಗಳು, ಓರೆಗಳು, ಕೆಲವೊಮ್ಮೆ ತಪ್ಪುಗಳು ಬಂದವು. ಮುಂಭಾಗದ ಮತ್ತು ಹಿಂಭಾಗದ ಅಚ್ಚುಗಳು ಬೇರೆ ಬೇರೆ ಸಮಯಕ್ಕೆ ಸೀಳುತ್ತಿದ್ದುದರಿಂದ ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಬಳಸುತ್ತಿದ್ದರು. ಸಂಗ್ರಾಹಕರು ಅಚ್ಚುಭೇದ ಎನ್ನುವುದು ಇಂಥ ಒಂದು ಜೋಡಿಗೆ. ಅಮೆರಿಕದ ನಾಣ್ಯ ಸಂಗ್ರಾಹಕ ವಿಲಿಯಂ ಶೆಲ್ಡನ್ 1949ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಪಟ್ಟಿಯಲ್ಲಿ 1793ರಿಂದ 1814ರವರೆಗಿನ ಸೆಂಟುಗಳಿಗೆ 1ರಿಂದ 295ರವರೆಗಿನ ಕ್ರಮಾಂಕಗಳಿವೆ, ಅವುಗಳಲ್ಲಿ 213ರಿಂದ 224ರವರೆಗಿನವು 1801ರವು.

ಪತ್ತಾರರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿಯನ್ನು ಕೇಳಿ ಪಡೆದು, ಹಿಂಭಾಗದಿಂದಲೇ ಆರಂಭಿಸಿರಿ. ಮಾಲೆಯ ಬುಡದಲ್ಲಿ ಎರಡೂ ಕಡೆಗೆ ಚಾಚಬೇಕಾದ ತೊಟ್ಟುಗಳಲ್ಲಿ ಒಂದೇ ಇದೆಯೇ ನೋಡಿರಿ. ಆಮೇಲೆ ‘ಯುನೈಟೆಡ್’ ಪದದ ಮೊದಲ ಅಕ್ಷರವನ್ನು ನೋಡಿರಿ. ಯು ಅಕ್ಷರವನ್ನು ಮೊದಲು ತಲೆಕೆಳಗಾಗಿ ಹೊಡೆದು ಅನಂತರ ಅದರ ಮೇಲೆ ಸರಿಯಾಗಿ ಹೊಡೆದುದರಿಂದ ಅದು ಎರಡು ಕಂಬಗಳು ಪಕ್ಕಪಕ್ಕದಲ್ಲಿ ನಿಂತಂತೆ ಕಾಣಬೇಕು. ಈ ಎರಡೂ ಇದ್ದು 1/000 ಕೂಡ ಇದ್ದರೆ, ನಿಮ್ಮದು ‘ಮೂರು ತಪ್ಪುಗಳ’ ಸೆಂಟು ಎಂದು ಹೆಸರಾದ 219ನೆಯ ಭೇದ. 1/000 ಒಂದೇ ಇದ್ದರೆ ಬೇರೆ ಜೋಡಿಗಳನ್ನು ಹುಡುಕಬೇಕಾಗುತ್ತದೆ: ಎಲೆಯ ತುದಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ, ಮಾಲೆಯ ಎಡಕ್ಕೂ ಬಲಕ್ಕೂ ಎಷ್ಟು ಹಣ್ಣುಗಳಿವೆ, ಮುಂಭಾಗದಲ್ಲಿ ಇಸವಿಯ ಅಂಕಿಗಳು ಒಂದಕ್ಕೊಂದು ಮತ್ತು ಎದೆಯ ಅಂಚಿಗೆ ಎಷ್ಟು ಹತ್ತಿರವಿವೆ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಸವೆದ ನಾಣ್ಯದಲ್ಲಿ ಎಲೆಯ ನರಗಳು ಅಳಿಸಿಹೋದರೂ ಅದರ ತುದಿ ಇದ್ದ ಜಾಗ ಬದಲಾಗುವುದಿಲ್ಲ. ಹೊಸಬರು ಮೇಲ್ಮೈಯ ಅಂದಕ್ಕೆ ಮರುಳಾಗಿ ಈ ಅಳತೆಗಳನ್ನು ಬಿಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಅಚ್ಚು ಸೀಳಿದ್ದರಿಂದ ನಾಣ್ಯದ ಮೇಲೆ ಎದ್ದ ಗೆರೆ ಹೊಸ ಭೇದವಲ್ಲ, ಅದು ಅದೇ ಅಚ್ಚಿನ ಮುಂದಿನ ಹಂತ ಮಾತ್ರ.

ಭೇದ ಹೊಂದಿದ ಮಾತ್ರಕ್ಕೆ ನಾಣ್ಯ ಅಸಲಿ ಎಂದೂ ಆಗುವುದಿಲ್ಲ, ಏಕೆಂದರೆ ಅಸಲಿ ನಾಣ್ಯದಿಂದ ಎರಕ ಹೊಯ್ದ ನಕಲಿಗೂ ಅವೇ ಮೂರು ತಪ್ಪುಗಳು ಬರುತ್ತವೆ. ಪತ್ತಾರರ ತಕ್ಕಡಿಯಲ್ಲಿ ತೂಗಿಸಿರಿ. 1801ರ ಸೆಂಟಿನ ನಿಗದಿತ ತೂಕ 10.89 ಗ್ರಾಂ, ಸವಕಳಿಯಿಂದ ಸ್ವಲ್ಪ ಕಡಿಮೆಯಾಗಿರಬಹುದು. ಅಂಚು ಬರಹವಿಲ್ಲದೆ ನುಣ್ಣಗಿರಬೇಕು. ಅಂಚಿನ ಸುತ್ತ ಬೆಸುಗೆಯಂಥ ಗೆರೆಯಾಗಲಿ, ಮೈಮೇಲೆ ಗುಳ್ಳೆಯ ಗುಳಿಗಳಾಗಲಿ ಕಂಡರೆ ನಿಮ್ಮ ಪರಿಚಿತರ ಸಂಶಯಕ್ಕೆ ಆಧಾರವಿದೆ.

ಪ್ರಶ್ನೆ: ನನ್ನಲ್ಲಿ ಆದಿಲ್‌ಶಾಹಿ ಕಾಲದ ತಾಮ್ರದ ನಾಣ್ಯಗಳಿವೆ. ಅಮೆರಿಕದ ಸೆಂಟುಗಳಂತೆ ಇವುಗಳ ಅಚ್ಚುಗಳನ್ನೂ ಗುರುತಿಸಬಹುದೇ? ಗುರುತು ಸ್ಪಷ್ಟವಾಗಲೆಂದು ಹುಣಸೆಹಣ್ಣಿನಿಂದ ತಿಕ್ಕಬಹುದೇ?
— ಓದುಗರು, ವಿಜಯಪುರ

ಉತ್ತರ: ಗುರುತಿಸಬಹುದು, ಆದರೆ ಶ್ರಮ ಹೆಚ್ಚು. ಸೆಂಟಿನ ಬಿಲ್ಲೆ ಅಚ್ಚಿನ ಅಳತೆಗೆ ಸರಿಹೊಂದುವುದರಿಂದ ಪೂರ್ಣ ಬರಹ ಒಂದೇ ನಾಣ್ಯದಲ್ಲಿ ಸಿಗುತ್ತದೆ. ಸುತ್ತಿಗೆಯಿಂದ ಹೊಡೆದ ಆದಿಲ್‌ಶಾಹಿ ಫಲೂಸುಗಳಲ್ಲಿ, ಅಂದರೆ ತಾಮ್ರದ ನಾಣ್ಯಗಳಲ್ಲಿ, ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುವುದುಂಟು, ಆಗ ಒಂದೊಂದು ನಾಣ್ಯದಲ್ಲಿ ಬರಹದ ಒಂದೊಂದು ತುಂಡು ಮಾತ್ರ ಮೂಡುತ್ತದೆ. ಹಲವು ನಾಣ್ಯಗಳ ಛಾಯಾಚಿತ್ರಗಳನ್ನು ಪಕ್ಕದಲ್ಲಿಟ್ಟು ತುಂಡುಗಳನ್ನು ಕೂಡಿಸಬೇಕು.

ಹುಣಸೆಹಣ್ಣು ಮಾತ್ರ ಬೇಡ. ಹಂಡೆಯನ್ನು ಬೆಳಗುವ ಹುಳಿಯೇ ನಾಣ್ಯದ ಮೇಲ್ಪದರವನ್ನು ಕರಗಿಸುತ್ತದೆ. ಹೋದ ಕಂದುಬಣ್ಣ ಮರಳುವುದಿಲ್ಲ, ಅಚ್ಚಿನ ಸಣ್ಣ ಗೆರೆಗಳೂ ಅದರೊಡನೆ ಹೋಗುತ್ತವೆ. ಕತ್ತಲೆಯ ಕೋಣೆಯಲ್ಲಿ ಒಂದೇ ದೀಪವನ್ನು ಪಕ್ಕದಲ್ಲಿ ತಗ್ಗಾಗಿ ಇಟ್ಟು, ಓರೆಯಾಗಿ ಬೀಳುವ ಬೆಳಕಿನಲ್ಲಿ ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತ ನೋಡಿರಿ. ತಿಕ್ಕದೆಯೂ ಅಕ್ಷರಗಳ ನೆರಳು ಎದ್ದು ಕಾಣುತ್ತದೆ.